ಮೊಹರಿನ ಮೇಲಿನ ಕುಂಕುಮ

ದುರ್ಗಿಗುಡಿಯ ನನ್ನ ವಕೀಲಿ ಆಫೀಸಿಗೆ ಆಕೆ ಬಂದದ್ದು ಮಧ್ಯಾಹ್ನ, ನಾನು ಊಟದ ಡಬ್ಬಿ ತೆರೆಯುವ ಹೊತ್ತಿಗೆ ಸರಿಯಾಗಿ. ಹಸಿದಾಗ ನನಗೆ ಸಿಟ್ಟು ಮೂಗಿನ ತುದಿಯಲ್ಲಿರುತ್ತದೆ. ನಾಳೆ ಬನ್ನಿ ಎನ್ನಬೇಕು, ಅಷ್ಟರಲ್ಲಿ ಭದ್ರಾವತಿಯಿಂದ ಬಸ್ಸಿನಲ್ಲಿ ನಿಂತುಕೊಂಡೇ ಬಂದೆ ಎಂದರು. ಕೂರಿಸಿದೆ.

ಅಲ್ಲಿನ ಒಂದು ಸರ್ಕಾರಿ ಹೆಣ್ಣುಮಕ್ಕಳ ಹಾಸ್ಟೆಲ್ಲಿನಲ್ಲಿ ಆಕೆ ಹನ್ನೊಂದು ವರ್ಷದಿಂದ ಅಡುಗೆಯವರು. ಇಲಾಖೆಯವರು ಸಿಬ್ಬಂದಿಯ ಹಳೇ ಕಾಗದಗಳನ್ನೆಲ್ಲ ಸ್ಕ್ಯಾನ್ ಮಾಡಿ ಕಂಪ್ಯೂಟರಿಗೆ ಏರಿಸುವಾಗ, ಇವರ ನೇಮಕಾತಿ ಆದೇಶದಲ್ಲಿ ಮೊಹರೂ ನಂಬರೂ ಇರಬೇಕಾದ ಕಡೆ ಒಂದು ಕಪ್ಪು ಕಲೆ ಬಂದಿತ್ತು. ಆಫೀಸಿನಲ್ಲಿರಬೇಕಾದ ಪ್ರತಿ ಸಿಗಲಿಲ್ಲವಂತೆ. ಒಂದು ನೋಟಿಸಿಲ್ಲ, ಏನಮ್ಮಾ ಇದು ಎಂದು ಕೇಳಿದ್ದಿಲ್ಲ. ದಾಖಲೆ ತಿದ್ದಿರುವುದು ಕಂಡುಬಂದಿದೆ, ಸೇವೆಯಿಂದ ತೆಗೆಯಲಾಗಿದೆ ಎಂದು ಎರಡೇ ಸಾಲು ಬರೆದು ಮನೆಗೆ ಕಳಿಸಿದ್ದರು.

ಮೂಲ ಆದೇಶ ತೋರಿಸಿ ಎಂದೆ. ಪ್ಲಾಸ್ಟಿಕ್ ಕವರಿನಿಂದ ಜೋಪಾನವಾಗಿ ತೆಗೆದು ಕೊಟ್ಟರು. ನಾಲ್ಕು ಮೂಲೆಗೂ ಅರಿಸಿನ. ಮೊಹರಿನ ಮೇಲೆ ಕಲಸಿದ ಕುಂಕುಮದ ದಪ್ಪ ಬೊಟ್ಟು. ಇಷ್ಟು ವರ್ಷಗಳಲ್ಲಿ ಅದು ಕಾಗದದೊಳಕ್ಕೇ ಇಳಿದುಹೋಗಿತ್ತು. ಕೆಲಸ ಸಿಕ್ಕ ದಿನ ದೇವರ ಮುಂದಿಟ್ಟು ಹಚ್ಚಿದ್ದಂತೆ.

“ಅಷ್ಟು ಜಾಗ ಬಿಟ್ಟು ಮೊಹರಿನ ಮೇಲಾ ಹಚ್ಚೋದು, ಮಾರಾಯ್ತಿ?” ಎಂದು ರೇಗಿಬಿಟ್ಟೆ.

ಆಕೆ ತಲೆ ತಗ್ಗಿಸಿದರು. “ಅದರಲ್ಲಿ ಮುಖ್ಯವಾದ್ದು ಅದೇ ಅಲ್ವಾ ಮೇಡಂ?” ಖಾಲಿ ಪ್ಲಾಸ್ಟಿಕ್ ಕವರನ್ನು ಮಡಿಸುತ್ತಾ ಹೇಳಿದರು: “ಕೆಲಸ ಹೋಗಿದ್ದಕ್ಕಿಂತ, ಕಾಗದ ತಿದ್ದಿದೋಳು ಅಂತ ಬರೆದಿದಾರಲ್ಲ, ಅದನ್ನ ತೆಗೆಸಿ. ಆ ಮಕ್ಕಳಿಗೆ ನಾನು ಹೆಂಗೆ ಮುಖ ತೋರಿಸಲಿ?”

ಸಂಜೆ ಬಾಗಿಲು ಹಾಕುವಾಗ ಗೋಡೆಯ ಕಡೆ ಕಣ್ಣು ಹೋಯಿತು. ಕಟ್ಟು ಹಾಕಿಸಿದ ನನ್ನ ವಕೀಲಿ ಸನದು. ಅದರ ಮೂಲೆಗಳಲ್ಲೂ ಅರಿಸಿನ, ಕುಂಕುಮ, ಅಮ್ಮ ಹಚ್ಚಿದ್ದು. ದಿನಾ ಎದುರಿಗೇ ಇದ್ದದ್ದು ಗಮನಕ್ಕೆ ಬಂದದ್ದು ಅಂದೇ. ಅಮ್ಮ ಹೋಗಿ ಆರು ವರ್ಷ. ಮಧ್ಯಾಹ್ನ ಆಡಿದ ಮಾತಿಗೆ ನನಗೇ ನಾಚಿಕೆಯಾಗಿ, ಮತ್ತೆ ಕುರ್ಚಿಯಲ್ಲಿ ಕೂತು ಅತ್ತುಬಿಟ್ಟೆ.

ಮೇಲಧಿಕಾರಿಗೆ ಮೇಲ್ಮನವಿ ಹಾಕಿದೆ. ಹೇಳಿಕೆ ಕೇಳದೆ ಶಿಕ್ಷೆ ಕೊಟ್ಟರು ಎಂಬ ಒಂದೇ ಮಾತಿನಿಂದ ಗೆಲ್ಲಬಹುದಿತ್ತು. ಆದರೆ ಹಾಗೆ ಗೆದ್ದರೆ ಅವರು ನೋಟಿಸು ಕೊಟ್ಟು ಮೊದಲಿಂದ ಶುರುಮಾಡುತ್ತಾರೆ. ಆಕೆಯ ಮೇಲಿನ ಆಪಾದನೆ ಹಾಗೇ ಉಳಿಯುತ್ತದೆ. ಅದನ್ನು ಅಳಿಸಲು, ಇಲಾಖೆಯಿಂದ ಹೊರಡುವ ಪ್ರತಿ ಆದೇಶವನ್ನೂ ಬರೆದಿಡುವ ಟಪಾಲು ರಿಜಿಸ್ಟರು ಬೇಕಿತ್ತು. ಮೂರು ಅರ್ಜಿ ಕೊಟ್ಟೆ. ಮೂರಕ್ಕೂ ‘ಪರಿಶೀಲನೆಯಲ್ಲಿದೆ’ ಎಂಬ ಉತ್ತರ. ಖುದ್ದು ಹೋಗಿ ಜಗಳ ತೆಗೆದರೆ, ಹಳೇ ರಿಜಿಸ್ಟರು ಯಾವ ಬೀರುವಿನಲ್ಲಿದೆಯೋ ಏನೋ ಎಂದು ಟೀ ಕುಡಿಸಿ ಸಾಗಹಾಕಿದರು.

ವಿಚಾರಣೆಯ ದಿನ ಸನದನ್ನು ಗೋಡೆಯಿಂದ ಇಳಿಸಿ, ಕಂಕುಳಲ್ಲಿ ಇಟ್ಟುಕೊಂಡು ಹೋದೆ. ಇಲಾಖೆಯವರು ಮತ್ತೆ ಕಾಗದ ತಿದ್ದಿದ ಮಾತೆತ್ತಿದಾಗ ನನಗೆ ತಡೆಯಲಾಗಲಿಲ್ಲ. ಅದನ್ನು ಅಧಿಕಾರಿಯ ಮೇಜಿನ ಮೇಲಿಟ್ಟೆ.

“ಇದನ್ನೂ ತಿದ್ದಿದಾರೆ ಸರ್. ತಿದ್ದಿದ್ದು ನಮ್ಮಮ್ಮ. ನನ್ನನ್ನೂ ಮನೆಗೆ ಕಳಿಸಿ.”

ಅವರು ಸನದನ್ನೂ ಆದೇಶವನ್ನೂ ಅಕ್ಕಪಕ್ಕ ಇಟ್ಟುಕೊಂಡು ಬಹಳ ಹೊತ್ತು ನೋಡಿದರು. ನಗಲಿಲ್ಲ. ಮುಂದಿನ ವಾರ ಆ ರಿಜಿಸ್ಟರು ಇಲ್ಲಿರಬೇಕು ಎಂದರು.

ಬಂತು. ಯಾವ ಬೀರುವಿನಿಂದಲೋ ಬಂತು. ಆಕೆಯ ಹೆಸರು, ಆದೇಶದ ನಂಬರು, ತಾರೀಖು, ಎಲ್ಲ ನೀಲಿ ಶಾಯಿಯಲ್ಲಿ ದುಂಡಗೆ ಬರೆದಿತ್ತು. ಕೆಲಸಕ್ಕೆ ವಾಪಸ್ಸು ತೆಗೆದುಕೊಳ್ಳಲು ಆದೇಶವಾಯಿತು. ಕಾಗದ ತಿದ್ದಿಲ್ಲ ಎಂಬ ಮಾತೂ ಅದರಲ್ಲಿತ್ತು. ಆಫೀಸಿಗೆ ಕರೆಸಿ ಆಕೆಗೆ ಓದಿ ಹೇಳಿದೆ. ಆ ಸಾಲು ಇನ್ನೊಂದು ಸಲ ಓದಿ ಎಂದರು. ಮೂರು ಸಲ ಓದಿದೆ.

ಆದೇಶವನ್ನು ಕೈಗೆ ಕೊಡಹೋದರೆ ಆಕೆ ಕೈ ಹಿಂದಕ್ಕೆ ತೆಗೆದುಕೊಂಡರು.

“ಒರಿಜಿನಲ್ಲು ನಿಮ್ಮ ಹತ್ರಾನೇ ಇರಲಿ ಮೇಡಂ. ನಂಗೊಂದು ಜೆರಾಕ್ಸ್ ಕೊಡಿ, ದೇವರ ಮುಂದೆ ಇಟ್ಟು ಕುಂಕುಮ ಹಚ್ತೀನಿ. ದೇವರು ಒರಿಜಿನಲ್ ಕೇಳಲ್ಲ.”