ಅಟ್ಟದ ಕಾಯಿ, ಮೂಲೆಯ ಕಾಯಿ

ಗುರುಶಾಂತಮ್ಮನ ಮನೆಯ ಅಟ್ಟದಲ್ಲಿ ವರ್ಷವಿಡೀ ತೆಂಗಿನಕಾಯಿ ತುಂಬಿರುತ್ತದೆ. ಕಿತ್ತ ಕಾಯಿಯನ್ನು ಸಿಪ್ಪೆ ಸಮೇತ ಮೇಲೇರಿಸಿ, ನೀರೆಲ್ಲ ಇಂಗಿ ತಿರುಳು ಉಂಡೆ ಕೊಬ್ಬರಿಯಾಗುವವರೆಗೆ ಬಿಡುತ್ತಾರೆ. ಆಮೇಲೆ ಅದು ಮಾರಾಟಕ್ಕೆ ತಿಪಟೂರಿಗೆ ಹೋಗುತ್ತದೆ. ಶೆಟ್ಟಿಕೆರೆಯ ಸುತ್ತ ತೋಟವಿರುವ ಮನೆಗಳಲ್ಲೆಲ್ಲ ಹೀಗೆಯೇ. ಅಡುಗೆಗೆ ಸಿಗುವುದು ಬೇರೆ ಕಾಯಿ: ಬಿರುಕು ಬಿಟ್ಟದ್ದು, ಮೊಳಕೆ ಒಡೆದದ್ದು, ಅಟ್ಟಕ್ಕೆ ಆಗದಷ್ಟು ಸಣ್ಣದು. ಅವು ಬಾಗಿಲ ಹಿಂದಿನ ಮೂಲೆಯಲ್ಲಿ ಬಿದ್ದಿರುತ್ತವೆ. ಮದುವೆಯಾಗಿ ಬಂದ ಹೊಸದರಲ್ಲಿ ಆಕೆ ಏಣಿ ಹಾಕಿ ಅಟ್ಟದಿಂದ ಒಂದು ಕಾಯಿ ಇಳಿಸಿ ಚಟ್ನಿ ರುಬ್ಬಿದ್ದಳು. ಅತ್ತೆ ಬೈಯಲಿಲ್ಲ. ಏಣಿಯನ್ನು ಎತ್ತಿಕೊಂಡು ಹೋಗಿ ಕೊಟ್ಟಿಗೆಯಲ್ಲಿಟ್ಟಳು.

ಮಗ ಉಜ್ವಲ್ ಊರಿನ ಸರ್ಕಾರಿ ಶಾಲೆಯಲ್ಲಿ ಓದುತ್ತಾನೆ. ಶಾಲಾ ಸಮಿತಿಯಲ್ಲಿ ಹೆಂಗಸರ ಜಾಗ ಖಾಲಿಯಾದಾಗ ಗುರುಶಾಂತಮ್ಮನ ಹೆಸರು ಹಾಕಿದರು. ಸಭೆಗೆ ಗಂಡ ಪರಮೇಶ್ ಬರುತ್ತಾನೆಂದು ಎಲ್ಲರೂ ಅಂದುಕೊಂಡಿದ್ದರು. ಆಕೆಯೇ ಹೋದಳು. ಬಿಸಿಯೂಟದ ಸಾರು ಅರಿಸಿನದ ನೀರಿನಂತಿದೆ, ಮಕ್ಕಳು ಅನ್ನ ಚೆಲ್ಲುತ್ತಿದ್ದಾರೆ, ತೋಟದ ಮನೆಯವರು ಪಾಳಿಯ ಮೇಲೆ ಕಾಯಿ ಕೊಟ್ಟರೆ ಆಗುತ್ತದೆ ಎಂದಳು. ತಟ್ಟೆಗೆ ಬಂದದ್ದು ಎಲ್ಲಿಂದ, ಯಾರ ಕೈಯಿಂದ ಬಂತು ಎಂದು ಮಕ್ಕಳಿಗೆ ವಾರಕ್ಕೊಂದು ಪಾಠವೂ ಇರಲಿ ಎಂದಳು.

ಅಧ್ಯಕ್ಷ ಕಾಡಸಿದ್ದಪ್ಪ, ಊರ ವರಸೆಯಲ್ಲಿ ಆಕೆಗೆ ಮಾವ, ತಕ್ಷಣ ಒಪ್ಪಿದ. "ತೆಂಗಿನ ಸೀಮೇಲಿ ಮಕ್ಳು ನೀರ್ ಸಾರು ಉಣ್ಣೋದು ಅಂದ್ರೆ ನಮ್ಮ ಮರ್ಯಾದೆ ಏನಾಯ್ತದಮ್ಮ? ಕಾಯ್ಗೇನು ಬರವಾ?"

ಕಾಯಿ ಬಂತು. ಅಡುಗೆಯ ಪುಟ್ಟಗಂಗಮ್ಮನಿಗೆ ರುಬ್ಬುವ ಕೆಲಸ ಹೆಚ್ಚಾಯಿತು, ಸಾರು ಗಟ್ಟಿಯಾಯಿತು. ಮಕ್ಕಳು ಎರಡನೇ ಸಲ ಬಡಿಸಿಕೊಳ್ಳತೊಡಗಿದರು. ಕೊಟ್ಟ ಮನೆಗಳ ಯಜಮಾನರ ಹೆಸರನ್ನು ಪ್ರಾರ್ಥನೆಯ ಹೊತ್ತಿಗೆ ಓದಿ ಚಪ್ಪಾಳೆ ತಟ್ಟಿಸಿದರು.

ಮಕ್ಕಳಿಗೆ ಬಡಿಸುವ ಮೊದಲು ಊಟದ ರುಚಿ ನೋಡುವ ಸರದಿ ತನ್ನದಾಗಿದ್ದ ದಿನ ಗುರುಶಾಂತಮ್ಮ ಬೇಗ ಹೋಗಿ ತರಗತಿಯ ಬಾಗಿಲಲ್ಲಿ ನಿಂತಳು. ಸೌಮ್ಯ ಟೀಚರು ಆಹಾರದ ಪಾಠ ಮಾಡುತ್ತಿದ್ದರು. ನಿನ್ನೆ ಮನೆಯಲ್ಲಿ ಏನು ಉಂಡಿರಿ ಎಂದು ಕೇಳಿದರು.

"ನಮ್ಮನೇಲಿ ಬರೀ ಮೆಣಸಿನ ಸಾರು ಮಿಸ್," ಎಂದಳು ಒಬ್ಬ ಹುಡುಗಿ. "ಮೂಲೇಲಿದ್ದ ಕಾಯೆಲ್ಲ ಸ್ಕೂಲ್‌ಗೆ ಬಂತಲ್ಲ."

"ನಮ್ಮನೇಲೂ ಮಿಸ್." ಇನ್ನಷ್ಟು ಕೈಗಳು ಎದ್ದವು.

ಹಿಂದಿನ ವಾರ ಪರಮೇಶ್ ಮೂಲೆಯ ಕಾಯಿಗಳನ್ನು ಚೀಲಕ್ಕೆ ತುಂಬುವಾಗ ಚೀಲದ ಬಾಯಿ ಹಿಡಿದವಳು ಗುರುಶಾಂತಮ್ಮನೇ. ಸಭೆಯಲ್ಲಿ ಕಾಯಿ ಕೊಡಿ ಎಂದಿದ್ದಳು. ಯಾವ ಕಾಯಿ ಎಂದು ಹೇಳಿರಲಿಲ್ಲ.

ಮನೆಗೆ ಬಂದು ಗಂಡನನ್ನು ಕೇಳಿದಳು. "ಸ್ಕೂಲ್‌ಗೆ ಅಟ್ಟದ ಕಾಯಿ ಯಾಕೆ ಕೊಡ್ಲಿಲ್ಲ?"

"ಅಟ್ಟದ್ದು ಮುಟ್ಟಕಾಯ್ತದೇನೇ? ಅದು ಕೊಬ್ರಿಗೆ ಬುಟ್ಟಿರೋದು."

"ಹಂಗಾರೆ ಕೊಟ್ಟೋಳು ನಾನು. ಚಪ್ಪಾಳೆ ನಿಮಗೆ."

"ನಂದು ನಿಂದು ಅಂತ ಬೇರೆ ಐತಾ?"

"ಸಾರಿಗೆ ಕಾಯಿ ಹಾಕಿಲ್ಲ ಅಂತ ಮೊನ್ನೆ ತಟ್ಟೆ ತಳ್ಳಿದ್ದು ಯಾರು ಮತ್ತೆ?"

ಪರಮೇಶ್ ಟಿವಿಯ ಸದ್ದು ಹೆಚ್ಚಿಸಿದ.

ಮುಂದಿನ ಸಭೆಯಲ್ಲಿ ಆಕೆ ಬೇಡಿಕೆಯನ್ನು ಬದಲಾಯಿಸಿದಳು. ತೋಟದಲ್ಲಿ ಕಾಯಿ ಕೀಳಿಸಿದಾಗ, ಅಟ್ಟಕ್ಕೆ ಏರಿಸುವ ಮೊದಲೇ, ಶಾಲೆಯ ಪಾಲು ತೆಗೆದಿಡಬೇಕು. ಅಡುಗೆಮನೆಯ ಕಾಯಿ ಶಾಲೆಗೆ ಬರಬಾರದು.

"ಅಟ್ಟದ ವಿಚಾರ ಹೆಂಗಸ್ರಿಗ್ಯಾಕಮ್ಮ? ಕಾಯಿ ಬತ್ತಾ ಐತೆ, ಮಕ್ಳು ಉಣ್ತಾ ಅವೆ," ಎಂದ ಕಾಡಸಿದ್ದಪ್ಪ.

"ಬತ್ತಾ ಇರೋದು ನಮ್ಮ ಒಲೆ ಮುಂದಿಂದ ಮಾವ. ನಿಮ್ಮನೇಲಿ ಅತ್ತೆನ ಕೇಳಿ ನೋಡಿ."

"ಅವಳೇನೂ ಹೇಳಿಲ್ವಲ್ಲ."

"ನೀವು ಕೇಳಿಲ್ವಲ್ಲ."

ಯಾರೋ ನಕ್ಕು, ಅದನ್ನು ಕೆಮ್ಮಾಗಿಸಿದರು. ವಿಷಯವನ್ನು ಮುಂದಿನ ಸಭೆಗೆ ಹಾಕಿದರು.

ಗುರುಶಾಂತಮ್ಮ ಸಭೆಗೆ ಕಾಯಲಿಲ್ಲ. ಮೊಳಕೆಯ ಕಾಯಿ, ಬಿರುಕಿನ ಕಾಯಿ ಬಂದರೆ ತೆಗೆದುಕೊಳ್ಳಬೇಡ ಎಂದು ಪುಟ್ಟಗಂಗಮ್ಮನಿಗೆ ಹೇಳಿದಳು.

"ಮಕ್ಳು ಮತ್ತೆ ಅನ್ನ ಚೆಲ್ತಾವೆ ಕಣ್ರಮ್ಮ. ರುಬ್ಬುದ್ರೆ ಎಲ್ಲಾ ಕಾಯೂ ಒಂದೇಯ," ಎಂದಳು ಪುಟ್ಟಗಂಗಮ್ಮ.

"ಚೆಲ್ಲಿದ್ರೆ ಚೆಲ್ಲಲಿ. ಮಕ್ಳು ಮಧ್ಯಾಹ್ನ ಉಣ್ಣೋದು ತಾಯಿ ರಾತ್ರಿ ತಟ್ಟೆಯಿಂದ ಕಿತ್ತಿದ್ದಾಗೋದು ಬೇಡ."

ಅದು ಸುಲಭದ ಮಾತಾಗಿರಲಿಲ್ಲ. ಉಜ್ವಲ್ ಕೂಡ ಅದೇ ನೀರು ಸಾರು ಉಂಡು ಬಂದು, ನಿನ್ನಿಂದಲೇ ಎಂದು ಮುಖ ಊದಿಸಿದ. ಕಾಡಸಿದ್ದಪ್ಪ ದಾರಿಯಲ್ಲಿ ತಡೆದು, "ನನ್ ಕಾಯಿ ವಾಪಸ್ ಕಳ್ಸಿದ್ಯಂತೆ?" ಎಂದ.

"ನಿಮ್ಮವಲ್ಲ ಮಾವ, ಅತ್ತೇವು. ಅವ್ರಿಗೇ ಕಳ್ಸಿದೀನಿ."

ಆ ತಿಂಗಳು ಪರಮೇಶನ ತೋಟದಲ್ಲಿ ಕಾಯಿ ಕೀಳಿಸಿದರು. ಗುರುಶಾಂತಮ್ಮ ರಾಶಿಯ ಮುಂದೆ ಚೀಲ ಹಿಡಿದು ನಿಂತಳು. ಪರಮೇಶ್ ಸಣ್ಣವನ್ನು ಆರಿಸಿ ಹಾಕಿದ. ಆಕೆ ಅವನ್ನು ಹೊರಗೆ ತೆಗೆದಿಟ್ಟಳು. ಕೀಳುವ ಆಳುಗಳು ಕೆಲಸ ನಿಲ್ಲಿಸಿ ನೋಡುತ್ತಿದ್ದರು. ಸ್ವಲ್ಪ ಹೊತ್ತಿನ ಮೇಲೆ ಅವನು ದಪ್ಪ ಕಾಯಿ ಹಾಕತೊಡಗಿದ.

ಹೀಗೆ ಕೊಡುವ ಮನೆಗಳು ಈಗ ಒಂದಷ್ಟಿವೆ, ಎಲ್ಲವೂ ಅಲ್ಲ. ಸಾರು ಕೆಲವು ದಿನ ಗಟ್ಟಿ, ಕೆಲವು ದಿನ ನೀರು. ನೀರಾದ ದಿನ ಯಾಕೆ ಎಂದು ಮಕ್ಕಳು ಕೇಳಿದರೆ ಪುಟ್ಟಗಂಗಮ್ಮ ಸೌಟು ಆಡಿಸುತ್ತಲೇ ಹೇಳುತ್ತಾಳೆ:

"ಇವತ್ತು ಅಧ್ಯಕ್ಷರ ಪಾಳಿ ಕಣ್ರಪ್ಪ."