ಬಲಗಡೆಯ ಬೂಟು

ನಮ್ಮ ಕಾರಿನ ಬೂಟು ಹರಿದಿದೆ ಎಂದು ಮೊದಲು ಹೇಳಿದವನು ಮಿಸ್ತ್ರಿ. ಆಯಿಲ್ ಬದಲಿಸಲೆಂದು ಅವನ ಗ್ಯಾರೇಜಿಗೆ ಹೋಗಿದ್ದೆ. ಕಾರಿನ ಅಡಿಯಿಂದ ತಲೆ ಹೊರಗೆ ಹಾಕಿ, "ಸರ, ಮುಂದಿನ ಎರಡೂ ಬೂಟ್ ಹರದಾವ್ರಿ" ಎಂದ. ಮುಂದಿನ ಗಾಲಿಯನ್ನು ಕಾರಿನ ಮೈಗೆ ಹಿಡಿದಿಡುವ ಒಂದು ಕೀಲಿದೆ, ಬಾಲ್ ಜಾಯಿಂಟ್ ಅನ್ನುತ್ತಾರೆ. ಬಟ್ಟಲಿನೊಳಗೆ ಕೂತು ತಿರುಗುವ ಉಕ್ಕಿನ ಗುಂಡು ಅದು. ಅದರೊಳಗೆ ಧೂಳು, ನೀರು ಹೋಗದಂತೆ ಮೇಲೆ ತೊಡಿಸಿದ ಕರಿ ರಬ್ಬರಿನ ಚೀಲಕ್ಕೆ ಬೂಟು ಎಂದು ಹೆಸರು.

"ಬರೇ ಬೂಟ್ ಹರದಿದ್ರ ಚಿಂತಿಲ್ರಿ. ಒಳಗ ಮಣ್ಣು ಹೊಕ್ಕು ಗುಂಡು ಸವದಿದ್ರ ಮಾತ್ರ ಬೂಟ್ ಹಾಕಿ ಉಪಯೋಗಿಲ್ಲ. ಇಡೀ ಜಾಯಿಂಟ್ ಬದಲಿ ಮಾಡಬೇಕು. ಇಲ್ಲಾಂದ್ರ ಒಂದಿನ ಗಾಲಿ ಕಳಚ್ತೈತ್ರಿ. ಹೇಳಿ ಕಳಚೂದಿಲ್ಲ ಅದು."

"ನಾನ ಮಾಡ್ಕೋತೇನಿ ಬಿಡಪಾ" ಎಂದೆ. ಇದು ನನ್ನ ಹುಟ್ಟುಗುಣ. ಮನೆಯ ಮಿಕ್ಸರು, ನಲ್ಲಿ, ಫ್ಯಾನು ಯಾವುದನ್ನೂ ಪರರ ಕೈಗೆ ಕೊಟ್ಟವನಲ್ಲ. ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತೇನೆ, ಒಂದು ಕೀಲು ಬಿಚ್ಚಲು ಬರುವುದಿಲ್ಲವೇ ಎಂಬ ಸೊಕ್ಕು ಬೇರೆ. ನಮ್ಮಪ್ಪ ಬದುಕಿದ್ದಾಗ ಅನ್ನುತ್ತಿದ್ದರು, "ಇವಂಗ ಎಲ್ಲಾ ಗೊತ್ತು, ತನಗ ಗೊತ್ತಿಲ್ಲ ಅನ್ನೂದೊಂದ ಗೊತ್ತಿಲ್ಲ."

ಕಾರು ಓಡಿಸುತ್ತಿದ್ದವಳು ಮಾತ್ರ ನನ್ನ ಹೆಂಡತಿ. ಉಪ್ಪಿನಬೆಟಗೇರಿಯ ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತಾಳೆ. ನಾನು ಧಾರವಾಡದ ಸಪ್ತಾಪುರದ ಮನೆಯಿಂದ ಕಾಲೇಜಿಗೆ ನಡೆದೇ ಹೋಗುತ್ತಿದ್ದೆ; ಅವಳು ದಿನವೂ ಕಾರಿನಲ್ಲಿ ಆ ಊರಿಗೆ ಹೋಗಿ ಬರುತ್ತಿದ್ದಳು. ಅದೇ ಸಾಲೆಯ ಇಬ್ಬರು ಟೀಚರುಗಳು ಬಸ್ ಸ್ಟಾಪಿನಲ್ಲಿ ಕಾದು ನಿಂತು ಅವಳ ಕಾರು ಹತ್ತುತ್ತಿದ್ದರು. ಅಂದರೆ ಆ ಗುಂಡಿನ ಮೇಲೆ ಮೂರು ಜೀವ ಕೂತಿದ್ದವು. ಇದು ನನಗೆ ಗೊತ್ತಿರಲಿಲ್ಲವೆಂದಲ್ಲ.

ದಸರೆಯ ರಜೆಯಲ್ಲಿ, ಖಂಡೆಪೂಜೆಯ ಹಿಂದಿನ ದಿನ, ಮನೆಯ ಮುಂದೆ ಜಾಕ್ ಹಚ್ಚಿ ಕೂತೆ. ಚಹಾ ತಂದ ಹೆಂಡತಿ ಹೊಸ ರಬ್ಬರು ನೋಡಿ ನಕ್ಕಳು. "ಕಾರಿಗೆ ದಸರಾಕ್ಕ ಹೊಸಾ ಬೂಟು. ನನ್ನ ಚಪ್ಲಿ ಉಂಗುಷ್ಟ ಕಿತ್ತು ತಿಂಗಳಾತು, ಅದರ ಹಣೇಬರಾ ಯಾರ ಕೇಳ್ತಾರ್ರಿ?"

"ನೀ ಒಳಗ ನಡಿ, ಊಟದ ಹೊತ್ತಿಗೆ ಮುಗಸ್ತೇನಿ" ಎಂದೆ.

ಎಡಗಡೆಯದು ಸಲೀಸಾಗಿ ಆಯಿತು. ಬೂಟು ಹರಿದಿದ್ದರೂ ಒಳಗಿನ ಗ್ರೀಸು ಇನ್ನೂ ಜಿಡ್ಡಾಗಿತ್ತು, ಗುಂಡು ಬಿಗಿಯಾಗಿತ್ತು. ಒರೆಸಿ, ಹೊಸ ಗ್ರೀಸು ತುಂಬಿ, ಹೊಸ ಬೂಟು ತೊಡಿಸಿ ರಿಂಗು ಹಾಕಿದೆ. ಬಲಗಡೆಯದು ಬಿಚ್ಚಿದಾಗ ಕೈಗೆ ಗ್ರೀಸು ಹತ್ತಲಿಲ್ಲ. ಕೆಂಪು ತುಕ್ಕಿನ ನೀರು ಮತ್ತು ಎರೆಮಣ್ಣಿನ ರಾಡಿ ಇಳಿಯಿತು. ಗುಂಡಿನ ಕಡ್ಡಿ ಹಿಡಿದು ಅಲುಗಿಸಿದೆ. ಬಿಗಿಯಾಗಿ ನಿಲ್ಲಬೇಕಾದದ್ದು ಮಗುವಿನ ಹಾಲುಹಲ್ಲಿನಂತೆ ಲೊಡಲೊಡ ಅಲುಗಾಡಿತು.

ಅಯ್ಯೋ ದೇವರೇ ಅಂದುಕೊಂಡೆ. ಹೊಸ ಜಾಯಿಂಟ್ ತರಬೇಕೆಂದರೆ ಹಬ್ಬಕ್ಕೆ ಅಂಗಡಿಗಳು ಬಾಗಿಲು ಹಾಕಿದ್ದವು. ಮಿಸ್ತ್ರಿಗೆ ಫೋನ್ ಮಾಡಬೇಕೆಂದರೆ ನನ್ನ ನಾಲಿಗೆ ಏಳಲಿಲ್ಲ. ಇದೊಂದು ವಾರ ಇರಲಿ, ರಜೆ ಮುಗಿಯುವುದರೊಳಗೆ ಬದಲಿಸಿದರಾಯಿತು ಎಂದು ರಾಡಿ ಒರೆಸಿ, ಗ್ರೀಸು ಗಿಡಿದು, ಸವೆದ ಗುಂಡಿಗೆ ಹೊಸ ಬೂಟು ತೊಡಿಸಿದೆ. ಮೇಲೆಲ್ಲ ತಳುಕು, ಒಳಗೆಲ್ಲ ಹುಳುಕು. ಕೈ ತೊಳೆಯುವಾಗ ಹೆಂಡತಿ ಟಾವೆಲ್ಲು ಹಿಡಿದು ನಿಂತಿದ್ದಳು.

"ಎಲ್ಲಾ ಛಲೋ ಐತೇನ್ರಿ?"

"ಛಲೋ ಐತಿ."

ಎರಡೇ ಮಾತು. ಎಷ್ಟು ಹಗುರಾಗಿ ಬಂದವೆಂದರೆ ಅವು ಸುಳ್ಳೆಂದು ನನಗೇ ಅನಿಸಲಿಲ್ಲ.

ಮರುದಿನ ಕಾರಿಗೆ ಚೆಂಡುಹೂವಿನ ಮಾಲೆ ಹಾಕಿ, ಕುಂಕುಮ ಹಚ್ಚಿ, ನಾಲ್ಕೂ ಗಾಲಿಯ ಕೆಳಗೆ ನಿಂಬೆಹಣ್ಣು ಇಟ್ಟೆವು. ಅವಳು ಕಾರನ್ನು ಮುಂದಕ್ಕೆ ಬಿಟ್ಟಳು. ಮೂರು ಹಣ್ಣು ಪಚಕ್ಕೆಂದವು. ಬಲಗಡೆಯ ಮುಂದಿನದು ಒಡೆಯದೆ ಜಾರಿ ಗಟಾರಕ್ಕೆ ಬಿತ್ತು. ನಾನು ಶಕುನ ನಂಬುವವನಲ್ಲ, ಹಣ್ಣು ದುಂಡಗಿತ್ತು, ಜಾರಿತು, ಅಷ್ಟೇ. ಆದರೂ ಬಗ್ಗಿ ಗಟಾರದೊಳಗೆ ನೋಡಿದೆ. "ಇನ್ನೊಂದ ಇಡ್ರಿ" ಎಂದಳು. ಇಟ್ಟೆ. ಅದು ಒಡೆಯಿತು.

ರಜೆ ಮುಗಿಯುವ ಮೊದಲು ಒಂದು ಮುಂಜಾನೆ ಮನಸ್ಸು ಗಟ್ಟಿ ಮಾಡಿ ಗ್ಯಾರೇಜಿನವರೆಗೆ ಹೋದೆ. ಮಿಸ್ತ್ರಿ ಯಾವುದೋ ಮದುವೆಗೆ ಹೋಗಿದ್ದ, ಬಾಗಿಲಿಗೆ ಬೀಗ. ಆ ಬೀಗ ನೋಡಿ ನನಗೆ ಹಾಯ್ ಅನಿಸಿತು. ಆ ಸಮಾಧಾನವನ್ನು ನೆನೆದರೆ ಇವತ್ತಿಗೂ ನಾಚಿಕೆಯಾಗುತ್ತದೆ. ಆಮೇಲೆ ಹೋಗಲಿಲ್ಲ. ಹೋದರೆ ಅವಳು ಕೇಳುತ್ತಾಳೆ, ಛಲೋ ಐತಿ ಅಂದಿದ್ರೆಲ್ಲ? ಅದಕ್ಕೆ ಏನು ಉತ್ತರ ಕೊಡಲಿ?

ಸಾಲೆ ಶುರುವಾಗಿ ಎಂಟು ದಿನಕ್ಕೆ, ಊಟಕ್ಕೆ ಕೂತಾಗ ಅವಳು ಅಂದಳು, "ಎಡಕ್ಕ ಹೊಳ್ಳಿಸಿದಾಗ ಬಲಗಡೆ ಟಕ್ ಅಂತೈತ್ರಿ." ಅವಳ ತವರು ಹಾಡಿನ ಮನೆ. ತಂಬೂರಿಯ ತಂತಿ ಕೂದಲೆಳೆಯಷ್ಟು ಇಳಿದರೂ ಅಡಿಗೆಮನೆಯಿಂದಲೇ ಹೇಳುವ ಕಿವಿ.

"ಆ ರಸ್ತೇನ ಹಂಗೈತಿ! ತಗ್ಗಿನ್ಯಾಗ ಹೊಡದ್ರ ಟಕ್ ಅನ್ನದ ಸಾರಿಗಮ ಅಂತೈತೇನು?" ಎಂದು ಒದರಿದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಅವಳು ನನ್ನ ಮುಖವನ್ನೇ ಒಂದು ಗಳಿಗೆ ನೋಡಿದಳು. ಆಮೇಲೆ ರೊಟ್ಟಿ ಮುರಿದಳು. ಆ ಮಾತು ಮತ್ತೆ ಎತ್ತಲಿಲ್ಲ. ಎತ್ತಿದ್ದರೆ ಒಳ್ಳೆಯದಿತ್ತು.

ಅಂದಿನಿಂದ ಅವಳು ಅರ್ಧ ತಾಸು ಮೊದಲೇ ಹೊರಡತೊಡಗಿದಳು. ಯಾಕೆಂದು ಕೇಳಿದರೆ, "ಪರೀಕ್ಷಾ ಬಂದಾವು, ಮಕ್ಕಳಿಗೆ ಜಾಸ್ತಿ ಕ್ಲಾಸು" ಎಂದಳು. ನಾನು ದಿನವೂ ಗೇಟಿನಲ್ಲಿ ನಿಲ್ಲುತ್ತಿದ್ದೆ. ಕಾರು ಮೂಲೆಯಲ್ಲಿ ಎಡಕ್ಕೆ ಹೊರಳುತ್ತಿತ್ತು. ಟಕ್. ಆ ಸಪ್ಪಳ ನನಗೂ ಕೇಳುತ್ತಿತ್ತು. ಅಲ್ಲಿಂದ ಸಂಜೆಯವರೆಗೆ ನನ್ನ ಜೀವದಲ್ಲಿ ಜೀವ ಇರುತ್ತಿರಲಿಲ್ಲ. ಗುರುತಿಲ್ಲದ ನಂಬರಿನಿಂದ ಫೋನ್ ಬಂದರೆ ಪಾಠ ಅರ್ಧಕ್ಕೆ ಬಿಟ್ಟು ಎತ್ತುತ್ತಿದ್ದೆ. ಒಮ್ಮೆ ಪ್ರಯೋಗಾಲಯದಲ್ಲಿ ಒಬ್ಬ ವಿದ್ಯಾರ್ಥಿನಿ ಅಳತೆ ತೆಗೆದುಕೊಳ್ಳದೆಯೇ ಉತ್ತರ ಸರಿಹೊಂದುವಂತೆ ಅಂಕಿ ಬರೆದಿದ್ದಳು. ಅಭ್ಯಾಸಬಲದಿಂದ "ಕಂಡದ್ದನ್ನ ಬರೀಬೇಕವಾ, ಬೇಕಾದದ್ದನ್ನಲ್ಲ" ಎಂದು ಗದರಿಸಿದೆ. ಗದರಿಸಿ, ಹೊರಗೆ ಬಂದು ನಿಂತೆ.

ದೀಪಾವಳಿಯ ಸಾಮಾನಿಗೆ ಹುಬ್ಬಳ್ಳಿಗೆ ಹೋದಾಗ ದುರ್ಗದಬೈಲಿನ ಗದ್ದಲದಲ್ಲಿ ಆ ಟೀಚರುಗಳಲ್ಲಿ ಒಬ್ಬರು ಸಿಕ್ಕರು. ಕೈಯಲ್ಲಿ ಪಣತಿಯ ಚೀಲ. "ಸರ, ಮೇಡಮ್ಮಾರಿಗೆ ನಮ್ಮ ಮ್ಯಾಲ ಸಿಟ್ಟೇನ್ರಿ? ದಸರಾ ಸೂಟಿ ಮುಗದು ಒಂದು ವಾರ ಕರಕೊಂಡ ಹೋದ್ರು. ಆಮ್ಯಾಲ ಕಾರಿನ್ಯಾಗ ಕರಿಯೂದ ಬಿಟ್ಟಾರ. ಕೈ ಮಾಡಿ ಹಂಗ ಹೋಗಿಬಿಡ್ತಾರ."

ಹೆಂಗಸರ ನಡುವೆ ಏನೋ ಕಿರಿಕಿರಿ ಇರಬೇಕು ಎಂದುಕೊಂಡೆ. ಬುದ್ಧಿವಂತ ನಾನು! ಅವರಿಬ್ಬರು ಈಗ ಆ ಕಾರಿನಲ್ಲಿಲ್ಲವಲ್ಲ ಎಂದು ಒಳಗೊಳಗೇ ನೆಮ್ಮದಿಯೂ ಆಯಿತು. ಒಬ್ಬಳೇ ಕೂತವಳ ನೆನಪು ಅದರ ಹಿಂದೆಯೇ ಬಂತು.

ಹಬ್ಬದ ಸೂಟಿ ಮುಗಿದ ಮುಂಜಾನೆ ಅವಳು ಕಾರು ಚಾಲೂ ಮಾಡಿದಾಗ ನನಗೆ ಗೇಟಿನಲ್ಲಿ ನಿಲ್ಲಲು ಆಗಲಿಲ್ಲ. ಚಪ್ಪಲಿ ಮೆಟ್ಟಿ ಓಡಿಹೋಗಿ ಪಕ್ಕದಲ್ಲಿ ಕೂತೆ. "ಹಸಿ ಕಡ್ಲಿ ಬಂದಿರ್ತಾವು ಅಲ್ಲೆ, ತರ್ತೇನಿ" ಎಂದೆ. ಅವಳು "ಹೂಂ" ಎಂದಳು. ಕಡಲೆ ಇನ್ನೂ ಎಳೆಯ ಸಸಿಯಾಗಿರುವ ಕಾಲ ಅದು, ಹೊಲದ ಬದಿಯಲ್ಲೇ ದಿನಾ ಓಡಾಡುವವಳಿಗೆ ಅದು ಗೊತ್ತಿರಲಿಲ್ಲವೇ?

ಊರು ದಾಟಿದ ಮೇಲೆ ನೋಡುತ್ತೇನೆ, ಸ್ಪೀಡಿನ ಮುಳ್ಳು ಇಪ್ಪತ್ತರ ಮೇಲೆ ಏರುತ್ತಿಲ್ಲ. ಟ್ರ್ಯಾಕ್ಟರುಗಳು ಹಾರ್ನ್ ಹೊಡೆದು ನಮ್ಮನ್ನು ದಾಟಿಹೋದವು. ಸೈಕಲ್ಲಿನ ಮುದುಕನೊಬ್ಬ ತುಸು ದೂರ ಜೊತೆಗೇ ಬಂದ. ಅರ್ಧ ತಾಸು ಮೊದಲು ಹೊರಡುವ ಕಾರಣ ಆಗ ಹೊಳೆಯಿತು. ದಾರಿಯ ಸ್ಟಾಪಿನಲ್ಲಿ ಇಬ್ಬರೂ ಟೀಚರುಗಳು ನಿಂತಿದ್ದರು. ಇವಳು ಕೈ ಮಾಡಿ ಮುಂದೆ ಹೋದಳು.

"ಹತ್ತಿಸ್ಕೊಳ್ಳಿಲ್ಲ ಯಾಕ?" ಎಂದೆ.

ಅವಳು ರಸ್ತೆಯಿಂದ ಕಣ್ಣು ತೆಗೆಯಲಿಲ್ಲ. "ನನ್ನ ಜೀವ ನಿಮ್ಮ ಕೈಯಾಗ ಕೊಟ್ಟು ಇಪ್ಪತ್ತೆರಡು ವರ್ಷ ಆತ್ರಿ. ಅದು ನನ್ನದು, ಕೊಟ್ಟೆ. ಮಂದಿ ಜೀವ ಹೆಂಗ ಕೊಡ್ಲಿ?"

"ನಿಲ್ಲಸು" ಎಂದೆ. "ಬಾಜೂಕ್ಕ ತಗೊಂಡು ನಿಲ್ಲಸು."

ಅವಳು ಎಡಕ್ಕೆ ಹೊರಳಿಸಿದಳು. ಡಾಂಬರು ಇಳಿದು ಮಣ್ಣಿಗೆ ಬರುವಾಗ ಈ ಸಲ ಟಕ್ ಅನ್ನಲಿಲ್ಲ. ಧಡ್ ಎಂದಿತು. ಬಲಗಡೆಯ ಮೂಲೆ ಕುಸಿದು ಕಾರು ನೆಲ ಕಚ್ಚಿತು. ನಾವಿಬ್ಬರೂ ಮುಗ್ಗರಿಸಿ ಕೂತೆವು, ಅಷ್ಟೇ, ಮೈಗೆ ಗೀರೂ ಆಗಲಿಲ್ಲ. ಇಳಿದು ನೋಡಿದೆ. ಗಾಲಿ ಹೊರಕ್ಕೆ ಮಲಗಿತ್ತು. ಕೀಲು ಕಿತ್ತು ಬಂದಿತ್ತು. ನಾನು ತೊಡಿಸಿದ ಬೂಟಿಗೆ ಮಾತ್ರ ಏನೂ ಆಗಿರಲಿಲ್ಲ, ಹೊಳೆಯುತ್ತಿತ್ತು.

ನೂರು ಹೆಜ್ಜೆ ಮುಂದೆ ಹಳ್ಳದ ಸೇತುವೆ. ಎದುರಿನಿಂದ ಬಂದ ಬಸ್ಸು ಅದನ್ನು ದಾಟಿ, ನಮ್ಮ ಪಕ್ಕದಲ್ಲೇ ಧೂಳೆಬ್ಬಿಸಿ ಹೋಯಿತು.

"ನನಗ ಗೊತ್ತಿತ್ತು" ಎಂದೆ. "ಬೂಟ್ ಹಾಕಿದ ದಿನಾನ ಗೊತ್ತಿತ್ತು."

"ನಿಮಗ ಗೊತ್ತೈತಿ ಅನ್ನೂದು ನನಗೂ ಗೊತ್ತಿತ್ರಿ" ಎಂದಳು. "ಇವತ್ತ ಹೇಳ್ತಾರ, ನಾಳೆ ಹೇಳ್ತಾರ ಅಂತ ದಿನಾ ಕಾಯಾಕತ್ತಿದ್ದೆ."

ಆಮೇಲೆ ಹಿಂದಿನ ಸೀಟಿನಿಂದ ಚೀಲ, ಊಟದ ಡಬ್ಬಿ ತೆಗೆದುಕೊಂಡಳು. ಟೀಚರುಗಳಿದ್ದ ಟೆಂಪೋ ಬಂತು. ಕೈ ಮಾಡಿದಳು, ಅವರು ಸರಿದು ಜಾಗ ಕೊಟ್ಟರು. ಹತ್ತುವಾಗ ಅವಳ ಕಾಲು ನೋಡಿದೆ. ಚಪ್ಪಲಿಯ ಕಿತ್ತ ಉಂಗುಷ್ಟಕ್ಕೆ, ಹೆಬ್ಬೆರಳು ತೂರಿಸುವ ಆ ಪಟ್ಟಿಗೆ, ಪಿನ್ನು ಚುಚ್ಚಿಕೊಂಡಿದ್ದಳು. ಟೆಂಪೋ ಹೋಯಿತು, ಅವಳು ಹೊರಳಿ ನೋಡಲಿಲ್ಲ.