ಹಪ್ಪಳದ ಇಮೇಲಿಗೆ ಬಂದ ಬೇಡಗಳು

ಇಮೇಲಿನಲ್ಲಿ ಹಪ್ಪಳ ಮಾರುವ ಜಾಹೀರಾತು ಬರೆಯುವುದು ಇಷ್ಟು ತಲೆನೋವಿನ ಕೆಲಸ ಅಂತ ಮೊದಲೇ ಗೊತ್ತಿದ್ದರೆ ನಾನು ಅದಕ್ಕೆ ಕೈ ಹಾಕುತ್ತಲೇ ಇರಲಿಲ್ಲ. ಆಗ ಕೊಪ್ಪದ ಬಸ್ ಸ್ಟ್ಯಾಂಡಿನ ಹತ್ತಿರ ನನ್ನದೊಂದು ಡಿಟಿಪಿ ಅಂಗಡಿ ಇತ್ತು. ಮದುವೆ ಕಾಗದ, ಗೃಹಪ್ರವೇಶದ ಕಾಗದ ಎಲ್ಲವನ್ನೂ ನಾನೇ ಬರೆದು, ನಾನೇ ಟೈಪ್ ಮಾಡಿ ಕೊಡುತ್ತಿದ್ದೆ. ಸಕುಟುಂಬ ಸಪರಿವಾರ ಸಮೇತ ಬನ್ನಿ ಅಂತ ಊರಿಗೆಲ್ಲ ಬರೆದು ಕೊಟ್ಟವನಿಗೆ ನಾಲ್ಕು ಸಾಲಿನ ಜಾಹೀರಾತು ಯಾವ ಲೆಕ್ಕ ಅಂದುಕೊಂಡಿದ್ದೆ. ಅಂಗಡಿಯಲ್ಲಿ ಫೋನ್ ಲೈನಿನ ಮೇಲೆ ಓಡುವ ಇಂಟರ್ನೆಟ್ಟೂ ಇತ್ತು. ಓಡುತ್ತಿತ್ತು ಅನ್ನುವುದು ಮರ್ಯಾದೆಗೆ ಹೇಳುವ ಮಾತು.

ಹಪ್ಪಳ ನನ್ನ ಅಕ್ಕನದು. ಭಾವ ತೀರಿಕೊಂಡ ಮೇಲೆ ಅವಳು ಅಡ್ಡಗದ್ದೆಯಲ್ಲಿ ಒಬ್ಬಳೇ ಇದ್ದಳು. ಹಲಸಿನಕಾಯಿ ಹಪ್ಪಳಕ್ಕೆ ಅವಳ ಕೈ ಅಂದರೆ ಕೈ. ಆ ವರ್ಷ ನರಸಿಂಹರಾಜಪುರದ ಒಂದು ಹಾಸ್ಟೆಲಿನವರು ಅಡಿಗೆಗೆ ಬನ್ನಿ, ಉಳಿಯಲು ಕೋಣೆಯನ್ನೂ ಕೊಡುತ್ತೇವೆ ಅಂತ ಅವಳಿಗೆ ಹೇಳಿ ಕಳಿಸಿದ್ದರು. ಶಾಲೆ ಶುರುವಾಗುವ ಮೊದಲು ಉತ್ತರ ಬೇಕಿತ್ತು. ಅವಳಿಗೆ ಹೋಗಲು ಚೂರೂ ಮನಸ್ಸಿರಲಿಲ್ಲ.

"ಇನ್ನೊಬ್ರ ಅಡಿಗೆಮನೆಲಿ ನಿಂತು, ಉಪ್ಪು ಹಾಕ್ಲಾ ಬೇಡ್ವಾ ಅಂತ ಕೇಳ್ಕೊಂಡು ಇರ್ಬೇಕಲ್ಲ ಮಾರಾಯ," ಅಂದಿದ್ದಳು.

"ಹಾಸ್ಟೆಲ್ ಎಲ್ಲ ಎಂತಕ್ಕೆ? ನಮ್ಮನೆಗೆ ಬಾ. ಹಪ್ಪಳನೂ ಅಲ್ಲೇ ಮಾಡ್ಬಹುದು," ಅಂದೆ ನಾನು.

"ಬೇಡ ಮಾರಾಯ, ನಿಂಗ್ಯಾಕೆ ಸುಮ್ನೆ ತೊಂದರೆ," ಅಂದಳು.

ಸರಿ, ಬೇಡವಾದರೆ ಬೇಡ. ಹಾಗಾದರೆ ಹಪ್ಪಳವನ್ನು ದೂರದೂರಿಗೂ ಮಾರೋಣ, ಅದು ನಡೆದರೆ ಹಾಸ್ಟೆಲಿಗೆ ಹೋಗುವ ಮಾತೇ ಇಲ್ಲ ಅಂತ ತೀರ್ಮಾನವಾಯಿತು. ನಾನೇ ಒಂದು ಸಣ್ಣ ವೆಬ್‌ಸೈಟ್ ಮಾಡಿದೆ. ಮದುವೆ ಕಾಗದ ಮಾಡಿಸಲು ಬಂದವರು ಕರಡು ನೋಡಲು ಕೊಟ್ಟಿದ್ದ ಇಮೇಲ್ ವಿಳಾಸಗಳಿದ್ದವು. ಹೆಚ್ಚಿನವರು ನಮ್ಮ ಕಡೆಯವರೇ, ಈಗ ಬೇರೆ ಬೇರೆ ಊರುಗಳಲ್ಲಿ ಇರುವವರು. ಶೃಂಗೇರಿ, ಹರಿಹರಪುರ ಅಂತ ಪರಿಚಯದವರನ್ನೂ ಹಿಡಿದು ಇನ್ನಷ್ಟು ವಿಳಾಸ ಸೇರಿಸಿದೆ. ಏಪ್ರಿಲ್ ಹೊತ್ತಿಗೆ ಅಕ್ಕ ಹಪ್ಪಳ ಒಣಗಿಸಿ ಡಬ್ಬ ತುಂಬಿಸುತ್ತಿದ್ದಳು, ನಾನು ಜಾಹೀರಾತು ಬರೆಯಲು ಕುಳಿತೆ.

ಕುಳಿತದ್ದಷ್ಟೇ. ಇಮೇಲಿನಲ್ಲಿ ಮಾರುವುದು ಹೇಗೆ ಅಂತ ಇಂಟರ್ನೆಟ್ಟಿನಲ್ಲಿ ಓದಿ, ಮುಖ್ಯವಾದದ್ದನ್ನೆಲ್ಲ ಪ್ರಿಂಟ್ ತೆಗೆದು ಗೋಡೆಗೆ ಅಂಟಿಸಿದ್ದೆ. ವಿಷಯದ ಸಾಲು ಚಿಕ್ಕದಿರಲಿ. ನಿಮ್ಮ ವಸ್ತು ಯಾಕೆ ಎಲ್ಲರದ್ದಕ್ಕಿಂತ ಮೇಲು ಅಂತ ಮೊದಲೇ ಹೇಳಿ. ಬೇಡ ಅಂದವರ ವಿಳಾಸವನ್ನು ಕೂಡಲೇ ಪಟ್ಟಿಯಿಂದ ತೆಗೆಯಿರಿ, ಅವರಿಗೆ ಮತ್ತೆ ಬರೆದು ಪೀಡಿಸಬೇಡಿ. ನಾನು ಅದರಂತೆ ಬರೆದೆ: ಮಲೆನಾಡಿನ ಅತ್ಯುತ್ತಮ ಹಲಸಿನ ಹಪ್ಪಳ, ಒಮ್ಮೆ ತಿಂದರೆ ಬಿಡಲಾರಿರಿ. ಕನ್ನಡ ಅಕ್ಷರದಲ್ಲಿ ಕಳಿಸಿದರೆ ಆಗ ಹೆಚ್ಚಿನವರ ಕಂಪ್ಯೂಟರಿನಲ್ಲಿ ಬರೀ ಚೌಕ ಚೌಕ ಕಾಣುತ್ತಿತ್ತು. ಹಾಗಾಗಿ ಕನ್ನಡವನ್ನೇ ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡಬೇಕಿತ್ತು. ಅದೊಂದು ಬೇರೆ ಕರ್ಮ.

ಅಕ್ಕ ಅಂಗಡಿಗೆ ಬಂದಾಗ ಓದಿ ಹೇಳಿದೆ. ಅವಳ ಮುಖ ಕೆಂಪಾಯಿತು.

"ನಮ್ಮ ಹಪ್ಪಳನ ನಾವೇ ಹೊಗಳ್ಕೊಳ್ಳೋದನಾ? ಓದಿದವ್ರು ಎಂತ ತಿಳ್ಕೋಬೇಕು?"

"ಜಾಹೀರಾತು ಅಂದ್ರೆ ಹೊಗಳೋದೇ ಅಕ್ಕ."

"ಸ್ವಲ್ಪ ಮಾಡಿದೀವಿ, ಹೇಗಾಗಿದ್ಯೋ ಗೊತ್ತಿಲ್ಲ, ನಿಮಗೆ ಬೇಕಾದ್ರೆ ಕಳಿಸ್ತೀವಿ ಅಂತ ಬರಿ. ಅಷ್ಟು ಸಾಕು."

ಹೇಗಾಗಿದೆಯೋ ಗೊತ್ತಿಲ್ಲ ಅಂತ ಬರೆದು ಮಾರಿದ ಅಂಗಡಿ ಲೋಕದಲ್ಲಿ ಯಾವುದಾದರೂ ಇದೆಯೇ? ನಮ್ಮ ಕಡೆ ಹಬ್ಬದಡಿಗೆ ಮಾಡಿ ಎಲೆ ತುಂಬ ಬಡಿಸಿದವರೂ, ಎಂತದೂ ಮಾಡ್ಲಿಲ್ಲ, ಬರೀ ಸಾರು ಅನ್ನ ಅಂತಲೇ ಹೇಳುವುದು. ಅದು ಊಟದ ಮನೆಯಲ್ಲಿ ಚೆಂದ. ಇಂಟರ್ನೆಟ್ಟಿನಲ್ಲಿ ನಡೆಯುತ್ತದೆಯೇ? ನಾನು ಕೂಗಾಡಿದೆ. ಅವಳು ಸುಮ್ಮನೆ ಕೇಳಿಸಿಕೊಂಡು, "ಹಾಗೆ ಬರೆದ್ರೆ ನಾನು ಹಪ್ಪಳ ಕೊಡೋದಿಲ್ಲ," ಅಂದಳು. ಮೂರು ಸಲ ಬರೆದೆ, ಮೂರು ಸಲ ಅವಳು ಹೊಡೆದು ಹಾಕಿದಳು. ಕೊನೆಗೆ ಅತ್ಯುತ್ತಮ ಹೋಯಿತು, ಬಿಡಲಾರಿರಿ ಹೋಯಿತು. ಅಕ್ಕ ಮನೆಯಲ್ಲೇ ಹಪ್ಪಳ ಮಾಡಿದ್ದಾಳೆ, ಬೇಕಾದರೆ ತಿಳಿಸಿ, ಕಳಿಸುತ್ತೇವೆ ಅನ್ನುವ ಸಪ್ಪೆ ಕಾಗದ ಉಳಿಯಿತು. ಹಲ್ಲು ಕಚ್ಚಿಕೊಂಡು ಅದನ್ನೇ ಕಳಿಸಿದೆ.

ಮಾರನೇ ದಿನದಿಂದ ಉತ್ತರ ಬರತೊಡಗಿತು. ಮೊದಲು ಖುಷಿಯಾಯಿತು, ಓದಿದ ಮೇಲೆ ಮೈಯೆಲ್ಲ ಉರಿಯಿತು. ಅಕ್ಕ ಹೇಗಿದ್ದಾರೆ, ಆರೋಗ್ಯವೇ? ಈ ವಯಸ್ಸಿನಲ್ಲಿ ಇಷ್ಟೆಲ್ಲ ಕಷ್ಟ ಯಾಕೆ? ನಿಮಗೆ ಸುಮ್ಮನೆ ತೊಂದರೆ, ಬೇಡ. ಇನ್ನೊಬ್ಬರು ಚಿಕ್ಕಂದಿನಲ್ಲಿ ತಿಂದ ಹಪ್ಪಳದ ರುಚಿಯ ಬಗ್ಗೆ ಒಂದು ಪುಟ ಬರೆದು ಕೊನೆಗೆ, ಕಳಿಸುವುದೆಲ್ಲ ಬೇಡ, ನೆನಪು ಮಾಡಿಕೊಂಡಿರಲ್ಲ, ಅಷ್ಟೇ ಸಾಕು ಅಂದಿದ್ದರು. ಇಂಥವು ಎಣಿಸಿ ಮೂವತ್ತೊಂದು. ನೇರವಾಗಿ ಬೇಕು ಅಂದವರು ಇಬ್ಬರು, ಆ ಇಬ್ಬರೂ ನಮ್ಮ ಕಡೆಯವರಲ್ಲ.

ಗೋಡೆಯ ಮೇಲಿನ ಕಾಗದ ಹೇಳಿದಂತೆ ಆ ಮೂವತ್ತೊಂದು ವಿಳಾಸವನ್ನೂ ಪಟ್ಟಿಯಿಂದ ತೆಗೆದೆ. ಸಿಟ್ಟಿನಲ್ಲೇ ತೆಗೆದೆ ಅನ್ನಬೇಕು. ಉಳಿದವರಿಗೆ ಮೇ ತಿಂಗಳಲ್ಲಿ ಇನ್ನೊಂದು ಕಳಿಸಿದೆ, ಅಕ್ಕನಿಗೆ ತಿಳಿಸದೆ ಅತ್ಯುತ್ತಮವನ್ನೂ ಸೇರಿಸಿ. ಒಂದು ಉತ್ತರವೂ ಇಲ್ಲ. ಕೊನೆಯ ಅವಕಾಶ ಅಂತ ಮತ್ತೊಂದು ಕಳಿಸಿದೆ. ಯಾರೋ ಒಬ್ಬರು ಇಂಗ್ಲಿಷಿನಲ್ಲಿ ಬೈದರು. ಎಷ್ಟು ಹೋಯ್ತು ಅಂತ ಅಕ್ಕ ಫೋನಿನಲ್ಲಿ ಕೇಳಿದಾಗೆಲ್ಲ ನಾನು ಹಾರಿಸಿ ಮಾತಾಡುತ್ತಿದ್ದೆ. ನೀನು ಹೇಳಿದ ಹಾಗೆ ಬರೆದದ್ದಕ್ಕೇ ಹೀಗಾಯಿತು ಅಂತ ಒಂದು ದಿನ ಅಂದೂಬಿಟ್ಟೆ. ಅವಳು ಫೋನ್ ಇಟ್ಟಳು. ಮೇ ಕೊನೆಯಲ್ಲಿ ಹಾಸ್ಟೆಲಿನವರಿಗೆ ಬರುತ್ತೇನೆ ಅಂತ ಹೇಳಿದಳು.

ಹೊರಡಲು ಒಂದು ವಾರ ಇರುವಾಗ ಅಂಗಡಿಗೆ ಬಂದಳು. ಸಿಟ್ಟೇನೂ ಇರಲಿಲ್ಲ.

"ಅವ್ರೆಲ್ಲ ಎಂತ ಬರೆದಿದ್ರು, ಒಂದ್ಸಲ ತೋರ್ಸು," ಅಂದಳು.

ಎಲ್ಲವನ್ನೂ ಪ್ರಿಂಟ್ ತೆಗೆದು ಕೈಗೆ ಕೊಟ್ಟೆ. ಇಂಗ್ಲಿಷ್ ಅಕ್ಷರದ ಕನ್ನಡವನ್ನು ಬೆರಳಿಟ್ಟು ನಿಧಾನವಾಗಿ ಓದಿದಳು. ನಾಲ್ಕೈದು ಓದುವಷ್ಟರಲ್ಲಿ ತಲೆ ಎತ್ತಿದಳು.

"ಇವ್ರಿಗೆ ಮತ್ತೆ ಕೇಳಿದ್ಯನಾ?"

"ಎಂತ ಕೇಳೋದು? ಬೇಡ ಅಂದ್ರಲ್ಲ. ಪಟ್ಟಿಯಿಂದ್ಲೇ ತೆಗೆದೆ."

ಅವಳು ನನ್ನನ್ನೇ ನೋಡಿದಳು. "ಅಯ್ಯೋ ದೇವ್ರೆ. ಒಂದ್ ಸಲ ಕೇಳಿದ್ರೆ ಹೂಂ ಅನ್ನೋರು ಯಾರು ಮಾರಾಯ? ಬಡಿಸ್ಲಿಕ್ಕೆ ಹೋದಾಗ ಬೇಡ ಬೇಡ ಅಂದ್ರೆ ನೀನು ಪಾತ್ರೆ ತಗೊಂಡು ಒಳಗೆ ಬಂದ್ ಬಿಡ್ತೀಯಾ?"

ನಲವತ್ತು ವರ್ಷ ಇದೇ ಊರಿನಲ್ಲಿ ಉಂಡವನು ನಾನು. ಮೊದಲ ಸಲಕ್ಕೆ ಬೇಕು ಅಂದರೆ ಆಸೆಬುರುಕ ಅಂದಾರು ಅಂತ ಎಲೆಗೆ ಕೈ ಅಡ್ಡ ಹಿಡಿದು, ಎರಡನೇ ಸಲಕ್ಕೆ ಸ್ವಲ್ಪ ಸರಿಸಿ, ಮೂರನೇ ಸಲಕ್ಕೆ ತೆಗೆಯುವವನು. ಕಂಪ್ಯೂಟರಿನ ಎದುರು ಕೂತ ಕೂಡಲೇ ಅದೆಲ್ಲ ಮರೆತೇ ಹೋಯಿತೇ? ಅವತ್ತೇ ಆ ಮೂವತ್ತೊಂದು ಜನಕ್ಕೆ ಅಕ್ಕ ಹೇಳಿದ ಹಾಗೆ ಎರಡು ಸಾಲು ಬರೆದೆ. ತೊಂದರೆ ಎಂತದೂ ಇಲ್ಲ, ನಿಮಗಂತಲೇ ತೆಗೆದಿಟ್ಟಿದೆ, ಬೇಡ ಅನ್ನಬಾರದು.

ಮೂರು ದಿನದಲ್ಲಿ ಇಪ್ಪತ್ತಾರು ಜನ ವಿಳಾಸ ಕಳಿಸಿದರು. ನೀವು ಇಷ್ಟು ಹೇಳಿದ ಮೇಲೆ ಬೇಡ ಅನ್ನಲಾಗುತ್ತದೆಯೇ ಅಂತ ಬರೆದು, ಅಕ್ಕಪಕ್ಕದ ಮನೆಯವರಿಗೂ ಸೇರಿಸಿ ಕೇಳಿದ್ದರು. ಡಬ್ಬಗಳೆಲ್ಲ ಖಾಲಿಯಾದವು. ಅಕ್ಕ ಅಂಗಡಿಯ ನೆಲದ ಮೇಲೆ ಕುಳಿತು ಹಪ್ಪಳ ಕಟ್ಟುತ್ತಾ, "ಇದು ಏಪ್ರಿಲಲ್ಲೇ ಆಗಿದ್ರೆ," ಅಂದಳು. ಹಾಸ್ಟೆಲಿಗೆ ಮಾತು ಕೊಟ್ಟಾಗಿತ್ತು.

ಅವಳು ಹೊರಟ ದಿನ ಬಸ್ ಸ್ಟ್ಯಾಂಡಿಗೆ ನಾನೇ ಚೀಲ ಹೊತ್ತುಕೊಂಡು ಹೋದೆ. ನರಸಿಂಹರಾಜಪುರದ ಒಂದು ಬಸ್ಸು ಬಂತು. ಸೀಟಿಲ್ಲ, ಮುಂದಿನದಕ್ಕೆ ಹೋಗ್ತೀನಿ ಅಂದಳು. ನಾನು ಇಣುಕಿ ನೋಡಿದರೆ ಹಿಂದೆ ಸೀಟು ಇದ್ದವು. ನನ್ನ ತಲೆ ತುಂಬ ಇಮೇಲಿನವರೇ. ಬೇಕು ಅಂತ ಮೊದಲೇ ಬರೆದಿದ್ದರೆ ಇವರ ಗಂಟೇನು ಹೋಗುತ್ತಿತ್ತು, ಬಾಯಿ ಬಿಟ್ಟು ಹೇಳಲು ಏನು ಧಾಡಿ ಅಂತ ಅವಳೆದುರು ಬೈಯುತ್ತಲೇ ನಿಂತೆ. ಅವಳು ಸೆರಗಿನ ತುದಿ ಹಿಡಿದುಕೊಂಡು ನನ್ನ ಮುಖ ನೋಡುತ್ತಾ ಕೇಳುತ್ತಿದ್ದಳು. ಎರಡನೇ ಬಸ್ಸು ಬಂತು. ಚೀಲವನ್ನು ನಾನೇ ಮೇಲಿಟ್ಟು, ಹೋದ ಮೇಲೆ ಫೋನ್ ಮಾಡು ಅಂದೆ.

ಅಂಗಡಿಗೆ ವಾಪಸು ಬಂದು ಮೇಜಿನ ಮೇಲಿದ್ದ ಪ್ರಿಂಟುಗಳನ್ನು ಹರಿದು ಹಾಕೋಣ ಅಂತ ಎತ್ತಿಕೊಂಡೆ. ಎಲ್ಲಕ್ಕಿಂತ ಮೇಲಿದ್ದದ್ದರಲ್ಲಿ, ಬೇಡ, ನಿಮಗ್ಯಾಕೆ ಸುಮ್ಮನೆ ತೊಂದರೆ ಅಂತ ಇತ್ತು. ನಮ್ಮನೆಗೆ ಬಾ ಅಂದಾಗ ಅಕ್ಕ ಹೇಳಿದ್ದೂ ಇದೇ ಮಾತು. ಮೂವತ್ತೊಂದು ಜನರಿಗೆ ಎರಡನೇ ಸಲ ಕೇಳಿದ್ದೆ. ಅವಳಿಗೆ ಕೇಳಿದ್ದು ಒಂದೇ ಸಲ.

ಮರುದಿನವೇ ಹಾಸ್ಟೆಲಿಗೆ ಫೋನ್ ಮಾಡಿ ಅವಳನ್ನು ಫೋನಿನ ಹತ್ತಿರ ಕರೆಸಿದೆ. ಬಂದ್ ಬಿಡು ಅಕ್ಕ, ನಮ್ಮನೆಲೇ ಇರು ಅಂದೆ. ಮತ್ತೆ ಮತ್ತೆ ಅಂದೆ. "ಬೇಡ," ಅಂದಳು. ತೊಂದರೆ ಗಿಂದರೆ ಅನ್ನಲಿಲ್ಲ, ಮಾರಾಯ ಅಂತಲೂ ಅನ್ನಲಿಲ್ಲ. ಅಷ್ಟು ಹೊತ್ತಿಗೆ ನನಗೆ ಬೇಡಕ್ಕೂ ಬೇಡಕ್ಕೂ ಇರುವ ವ್ಯತ್ಯಾಸ ತಿಳಿಯುತ್ತಿತ್ತು.